ತೀವ್ರ ನಿಗಾ ಘಟಕದ ಸೋಂಕು ನಿಯಂತ್ರಣ: ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ವಿಮರ್ಶೆ

ತಂದೆಯವರನ್ನು ವೆಂಟಿಲೇಟರಿನಲ್ಲಿ ಇರಿಸಿದ್ದ ಈ ಘಟಕದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಿದ್ದು ಸಿಬ್ಬಂದಿಯ ಕೈಗಳನ್ನು. ವಿಶ್ವ ಆರೋಗ್ಯ ಸಂಸ್ಥೆಯು ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳ 2024ರ ಪಟ್ಟಿಯಲ್ಲಿ ಅತಿ ಗಂಭೀರ ವರ್ಗಕ್ಕೆ ಸೇರಿಸಿರುವ, ಕಾರ್ಬಪೆನೆಮ್‌ನಂತಹ ಪ್ರಬಲ ಔಷಧಿಗೂ ಜಗ್ಗದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ದಾಟುವ ಮುಖ್ಯ ದಾರಿಗಳಲ್ಲಿ ಸಿಬ್ಬಂದಿಯ ಕೈಗಳೂ ಒಂದು. ದಾದಿಯರು ರೋಗಿಯನ್ನು ಮುಟ್ಟುವ ಮೊದಲೂ ನಂತರವೂ ಸ್ಯಾನಿಟೈಸರಿನಿಂದ ಕೈ ಉಜ್ಜಿಕೊಳ್ಳುತ್ತಿದ್ದರು. ಅವರ ಈ ನಿಷ್ಠೆ ನಿಜಕ್ಕೂ ಪ್ರಶಂಸನೀಯ. ಕಲ್ಚರ್ ವರದಿ (ಮಾದರಿಯಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆಯ ವರದಿ) ಬಂದ ಕೂಡಲೇ ವೈದ್ಯರು ಅನಗತ್ಯ ಆಂಟಿಬಯೋಟಿಕ್ಕನ್ನು ನಿಲ್ಲಿಸಿ, ಕಾರಣವನ್ನೂ ತಾಳ್ಮೆಯಿಂದ ವಿವರಿಸಿದರು.

ಒಂದೇ ದೊಡ್ಡ ಕೊರತೆಯೆಂದರೆ, ಚುಚ್ಚುಮದ್ದು ಸಿದ್ಧಪಡಿಸುವ ಮೇಜು ಸಿಂಕಿಗೆ ಅಂಟಿಕೊಂಡಂತಿದೆ. ಸಿಂಕಿನ ಕೊಳವೆಯ ತೇವದಲ್ಲಿ ಇಂತಹ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ನೆಲೆಸಬಲ್ಲದು, ನೀರು ಬಿಟ್ಟಾಗ ಸಿಡಿಯುವ ಹನಿಗಳೊಡನೆ ಹೊರಬರಬಲ್ಲದು. ಆಡಳಿತ ಮಂಡಳಿ ಆ ಮೇಜನ್ನು ತಕ್ಷಣ ಬೇರೆಡೆಗೆ ಸ್ಥಳಾಂತರಿಸಬೇಕು.