ಪಂದಿ ಕರಿಗೆ ಮಡಿಕೇರಿಯ ಹಳೆಯ ಬಾರೋ, ಹೋಮ್‌ಸ್ಟೇಯೋ?

ಮಡಿಕೇರಿಯಲ್ಲಿ ಇರುವುದು ಒಂದೇ ರಾತ್ರಿ, ಕೊಡಗಿನ ಹಂದಿ ಮಾಂಸದ ಖಾದ್ಯವಾದ ಪಂದಿ ಕರಿಯನ್ನು ಎಲ್ಲಿ ಉಣ್ಣಲಿ ಎಂದು ಕೇಳಿದ್ದೀರಿ. ಖರ್ಚಿನಲ್ಲಿ ಪೇಟೆಯ ಹಳೆಯ ಬಾರ್ ಹಗುರ. ಬೇಕಾದ ಒಂದು ಪ್ಲೇಟ್ ಮಾತ್ರ ತರಿಸಿಕೊಳ್ಳಬಹುದು. ಹೋಮ್‌ಸ್ಟೇಯಲ್ಲಿ ಪೂರ್ತಿ ಊಟದ ಲೆಕ್ಕ, ಮೊದಲೇ ಹೇಳಿರಬೇಕು.

ರುಚಿಯ ಮಾತು ಬೇರೆ. ಹೋಮ್‌ಸ್ಟೇಯ ಮನೆ ಅಡುಗೆಯಲ್ಲಿ ಹುರಿದು ಪುಡಿ ಮಾಡಿದ ಮಸಾಲೆ ಕಪ್ಪಗೆ ಮಾಂಸಕ್ಕೆ ಅಂಟಿರುತ್ತದೆ, ಕಾಚಂಪುಳಿಯ (ಹಣ್ಣಿನಿಂದ ಮಾಡುವ ಕೊಡಗಿನ ಕಪ್ಪು ಹುಳಿರಸ) ಹುಳಿ ನಾಲಿಗೆಯ ಅಂಚಿನಲ್ಲಿ ನಿಲ್ಲುತ್ತದೆ. ಅಕ್ಕಿತರಿಯ ಉಂಡೆಯಾದ ಬಿಸಿ ಕಡಂಬುಟ್ಟನ್ನು ಬೆರಳಿನಿಂದ ಮುರಿದು ಆ ಮಸಾಲೆಯಲ್ಲಿ ಒರೆಸಿ ತಿನ್ನಬೇಕು! ಮಳೆಗಾಲವಾದರೆ ಕಣಿಲೆಯನ್ನೂ (ಎಳೆ ಬಿದಿರಿನ ಮೊಳಕೆ) ಕೇಳಿ. ಬಾರಿನಲ್ಲಿ ಹುಳಿಗೆ ಕಾಚಂಪುಳಿ ಹಾಕುತ್ತಾರೆಯೇ ಎಂದು ವಿಚಾರಿಸಿಯೇ ತರಿಸಿಕೊಳ್ಳಿ.

ಆದರೆ ಸವೆದ ಮರದ ಮೇಜು, ಹೊರಗೆ ಮಳೆ, ಪಕ್ಕದಲ್ಲಿ ಬೆಳೆಗಾರರ ಕಾಫಿ ಬೆಲೆಯ ಚರ್ಚೆ, ಇವು ಬಾರಿನಲ್ಲೇ ಸಿಗುವುದು. ಗೆಳೆಯರೊಂದಿಗೆ ಬಂದಿದ್ದರೆ ಅಲ್ಲಿಗೇ ಹೋಗಿ. ಕುಡಿಯುವುದಾದರೆ ಕಾರಿನ ಕೀಲಿ ಕುಡಿಯದವರ ಕೈಯಲ್ಲಿರಲಿ. ಮಕ್ಕಳು, ಹಿರಿಯರು ಜೊತೆಗಿದ್ದರೆ ಹೋಮ್‌ಸ್ಟೇ.