ಸಾಗರ ರಸ್ತೆ ಕಡೆಯ ಒಂದು ಬೈಕ್ ಗ್ಯಾರೇಜು

ಶಿವಮೊಗ್ಗದ ಸಾಗರ ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ತಗಡಿನ ಸೂರಿನ ಕೆಳಗೆ ನಡೆಯುವ ಈ ಗ್ಯಾರೇಜಿಗೆ ನಾನು ಆರು ವರ್ಷಗಳಿಂದ ಗಿರಾಕಿ. ಹೆಸರು ಬರೆಯುವುದು ಬೇಡವೆಂದು ಮಾಲೀಕರೇ ಹೇಳಿದ್ದಾರೆ. ಬಂದಿರುವ ಗಾಡಿಗಳನ್ನೇ ಹೇಳಿದ ದಿನಕ್ಕೆ ಕೊಡಲಾಗುತ್ತಿಲ್ಲ ಎಂಬುದು ಅವರ ಕಾರಣ, ಅದು ನಿಜವೂ ಹೌದು.

ನಾನು ಮೊದಲು ಹೋದದ್ದು ಬ್ರೇಕಿನ ತೊಂದರೆಗೆ. ಆಗುಂಬೆ ಘಾಟಿಯ ತಿರುವುಗಳನ್ನು ಇಳಿಯುವಾಗ ಮುಂದಿನ ಡ್ರಮ್ ಬ್ರೇಕು ಕಿರುಗುಟ್ಟುತ್ತಿತ್ತು, ಬಿಗಿಯಾಗಿ ಹಿಡಿದರೂ ಗಾಡಿ ನಿಲ್ಲಲು ಸತಾಯಿಸುತ್ತಿತ್ತು. ಬೇರೊಂದು ಕಡೆ ಚಕ್ರ ಬಿಚ್ಚಿ ನೋಡುವ ಮೊದಲೇ ಶೂ, ಕೇಬಲ್ ಎಲ್ಲವನ್ನೂ ಬದಲಿಸಬೇಕೆಂದು ಲೆಕ್ಕ ಕೊಟ್ಟಿದ್ದರು. ಇವರು ಚಕ್ರ ಬಿಚ್ಚಿ ಬ್ರೇಕ್ ಶೂವನ್ನು ನನ್ನ ಕೈಗೇ ಇಟ್ಟರು. ಡ್ರಮ್ಮಿಗೆ ಉಜ್ಜುವ ಅದರ ಲೈನರ್ ಇನ್ನೂ ದಪ್ಪವಾಗಿಯೇ ಇತ್ತು, ಆದರೆ ಕಾದು ಕಾದು ಅದರ ಮೈ ಕಪ್ಪು ಗಾಜಿನಂತೆ ಹೊಳಪುಗಟ್ಟಿತ್ತು. ಅದನ್ನು ಎಮರಿ ಪೇಪರಿನಲ್ಲಿ ಉಜ್ಜಿ ಒರಟು ಮಾಡಿ, ಡ್ರಮ್ಮಿನೊಳಗಿನ ಕಪ್ಪು ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಶೂಗಳನ್ನು ಅಗಲಿಸುವ ಕ್ಯಾಮಿಗೆ ಒಂದು ಚಿಟಿಕೆ ಗ್ರೀಸ್ ಹಚ್ಚಿ ಕೂರಿಸಿದರು. "ಇಳಿಜಾರಿನಲ್ಲಿ ಬ್ರೇಕನ್ನೇ ಹಿಡಿದುಕೊಂಡು ಬರಬೇಡಿ ಸರ್, ಎರಡನೇ ಗೇರಿಗೆ ಹಾಕಿ, ಎಂಜಿನ್ನೇ ತಡೆಯುತ್ತದೆ" ಎಂದರು. ತೆಗೆದುಕೊಂಡದ್ದು 150 ರೂಪಾಯಿ.

ಗೋಡೆಯ ಮೇಲೆ ಯೇಸುವಿನ ಸಾಕುತಂದೆ, ಬಡಗಿ ಸಂತ ಜೋಸೆಫರ ಚಿತ್ರವೂ, ಯಾವ ಕೆಲಸವನ್ನಾದರೂ ಮನುಷ್ಯರಿಗಾಗಿ ಅಲ್ಲ, ಪ್ರಭುವಿಗಾಗಿಯೇ ಎಂದು ಮನಃಪೂರ್ವಕವಾಗಿ ಮಾಡಬೇಕೆಂಬ ಬೈಬಲಿನ ಕೊಲೊಸ್ಸೆಯರ ಪತ್ರದ ವಾಕ್ಯವೂ ಇವೆ. ವಾಕ್ಯ ತೂಗುಹಾಕಿದ ಅಂಗಡಿಯ ತಕ್ಕಡಿಯೆಲ್ಲ ನೆಟ್ಟಗಿರುತ್ತದೆ ಎಂದು ನಂಬುವ ವಯಸ್ಸು ನನ್ನದಲ್ಲ. ಆದರೆ ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯದಲ್ಲಿ ಎಷ್ಟೋ ಭಾನುವಾರ ಕೇಳಿದ್ದ ಆ ಮಾತಿನ ಹಿಂದಿನ ಸಾಲು ನನಗೆ ನೆನಪಾದದ್ದು ಇಲ್ಲಿಯೇ: ಪೌಲನು ಅದನ್ನು ಬರೆದದ್ದು ದಾಸರಿಗೆ, ಯಜಮಾನನ ಕಣ್ಣೆದುರಿಗೆ ಮಾತ್ರ ದುಡಿಯಬೇಡಿರಿ ಎಂದು. ಡ್ರಮ್ಮಿನ ಒಳಭಾಗವನ್ನು ಯಾವ ಗಿರಾಕಿಯೂ ನೋಡುವುದಿಲ್ಲ. ಬರೆದ ಪೌಲನೂ ಕೊರಿಂಥದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದವನೇ.

ಕಳೆದ ವರ್ಷ ಸರ್ವೀಸ್ ಮುಗಿಸಿ ಹಣ ಕೊಟ್ಟು ಮನೆಗೆ ಬಂದ ಮೇಲೆ ಅವರಿಂದ ಫೋನು ಬಂತು. ಟ್ರೇಯಲ್ಲಿ ಒಂದು ವಾಷರ್ ಉಳಿದಿದೆ, ನಿಮ್ಮ ಗಾಡಿಯದ್ದೇ ಇರಬೇಕು, ತಪ್ಪು ನನ್ನದೇ ಎಂದರು. ನನಗೆ ಸಿಟ್ಟೇ ಬಂದಿತ್ತು. ಮರಳಿ ಹೋದಾಗ ಹಿಂದಿನ ಚಕ್ರವನ್ನು ಪೂರ್ತಿ ಬಿಚ್ಚಿ, ವಾಷರ್ ಹಾಕಿ, ಚೈನಿನ ಬಿಗಿಯನ್ನು ಮತ್ತೆ ನೋಡಿ ಕೊಟ್ಟರು. ಬಲವಂತ ಮಾಡಿದರೂ ಹಣ ಮುಟ್ಟಲಿಲ್ಲ.

ಕೊರತೆಗಳೂ ಇವೆ. ಕೆಲಸ ನಿಧಾನ, ಕೂರಲು ಒಂದೇ ಮುರುಕು ಸ್ಟೂಲು. 2020ರ ಏಪ್ರಿಲ್ ನಂತರ ಬಂದ ಬಿಎಸ್-6 (ಹೊಸ ಹೊಗೆ ಮಿತಿಯ) ಗಾಡಿಗಳ ಇಂಧನ ಇಂಜೆಕ್ಷನ್ ದೋಷ ನೋಡುವ ಸ್ಕ್ಯಾನರ್ ಇವರಲ್ಲಿಲ್ಲ. ಅದನ್ನು ಮೊದಲೇ ಹೇಳಿ ಬೇರೆಡೆಗೆ ಕಳುಹಿಸುತ್ತಾರೆ. ಭಾನುವಾರ ಬಾಗಿಲು ತೆರೆಯುವುದಿಲ್ಲ. ಮೇ 1, ಅಂದರೆ 1955ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಶ್ರಮಿಕ ಸಂತ ಜೋಸೆಫರ ಹಬ್ಬವೆಂದು ಗೊತ್ತುಮಾಡಿದ ದಿನವೂ ರಜೆಯೇ. ಕಲಿಯುವ ಇಬ್ಬರು ಹುಡುಗರಿಗೆ ಅಂದು ಸಂಬಳಸಹಿತ ಬಿಡುವು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಬ್ರೇಕಿನ ಗಾಡಿಗಳು ಸಾಲುಗಟ್ಟುವುದರಿಂದ ಮೂರು ದಿನವಾದರೂ ಕಾಯಬೇಕಾಗುತ್ತದೆ, ಆದ್ದರಿಂದ ಮೇ ತಿಂಗಳಲ್ಲೇ ಕೊಡುವುದು ಒಳ್ಳೆಯದು.