ರೈಜೆನ್ 5 7600ಎಕ್ಸ್: ವೋಲ್ಟೇಜ್ ಇಳಿಸಿದರೆ ವೇಗ ಕೊಡುವ ಪ್ರೊಸೆಸರ್

ಎಎಂಡಿ 2022ರಲ್ಲಿ ಬಿಡುಗಡೆ ಮಾಡಿದ ರೈಜೆನ್ 5 7600ಎಕ್ಸ್ ಪ್ರೊಸೆಸರನ್ನು ಸೆಕೆಂಡಿಗೆ 6000 ಮೆಗಾಟ್ರಾನ್ಸ್‌ಫರ್ ವೇಗದ ಡಿಡಿಆರ್5 ರ‍್ಯಾಮ್ ಜೋಡಿಯೊಂದಿಗೆ ಕೆಲವು ತಿಂಗಳುಗಳಿಂದ ಬಳಸುತ್ತಿದ್ದೇನೆ. ಆರು ಕೋರ್‌ಗಳ ಈ ಚಿಪ್‌ನ ಮೂಲ ವೇಗ 4.7 ಗಿಗಾಹರ್ಟ್ಸ್, ಗರಿಷ್ಠ ಬೂಸ್ಟ್ 5.3 ಗಿಗಾಹರ್ಟ್ಸ್. ಮಲ್ಟಿಪ್ಲೈಯರ್ (ವೇಗ ನಿರ್ಧರಿಸುವ ಗುಣಕ) ಏರಿಸಿ ಅದಕ್ಕೆ ತಕ್ಕಂತೆ ವೋಲ್ಟೇಜನ್ನೂ ಏರಿಸುವ ಹಳೆಯ ರೂಢಿ ಇದಕ್ಕೆ ಒಗ್ಗುವುದಿಲ್ಲ. 95 ಡಿಗ್ರಿ ಸೆಲ್ಸಿಯಸ್‌ನ ತಾಪಮಾನದ ಮಿತಿಯೋ ವಿದ್ಯುತ್ತಿನ ಮಿತಿಯೋ ಎದುರಾಗುವವರೆಗೆ ಇದು ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುವುದರಿಂದ, ನಾವು ಸೇರಿಸುವ ವೋಲ್ಟೇಜ್ ಬಹುಮಟ್ಟಿಗೆ ಬಿಸಿಯಾಗಿಯೇ ಹೊರಬರುತ್ತದೆ.

ಇದರ ನಿಜವಾದ ಸೊಗಸು ಇರುವುದು ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ತಂತ್ರಾಂಶವಾದ ಬಯೋಸ್‌ನ ಕರ್ವ್ ಆಪ್ಟಿಮೈಸರ್‌ನಲ್ಲಿ. ಪ್ರತಿ ಕೋರ್‌ಗೂ ಬೇರೆ ಬೇರೆಯಾಗಿ ವೋಲ್ಟೇಜ್ ತಗ್ಗಿಸಬಹುದು. ತಗ್ಗಿದಷ್ಟೂ ಬಿಸಿ ಕಡಿಮೆಯಾಗಿ, ಉಳಿದ ಅವಕಾಶವನ್ನು ಚಿಪ್ ವೇಗಕ್ಕೆ ಬಳಸಿಕೊಳ್ಳುತ್ತದೆ. ಮೊದಲು ನಾನು ಎಲ್ಲ ಕೋರ್‌ಗಳಿಗೂ ಮೈನಸ್ 30, ಅಂದರೆ ಮೂವತ್ತು ಮೆಟ್ಟಿಲು ಕಡಿಮೆ, ಇಟ್ಟೆ. ಪೂರ್ಣ ಹೊರೆಯ ಪರೀಕ್ಷೆಯನ್ನು ಗಂಟೆಗಟ್ಟಲೆ ತಡೆದುಕೊಂಡ ಯಂತ್ರ, ಆ ರಾತ್ರಿ ಯಾವ ಕೆಲಸವೂ ಇಲ್ಲದೆ ಸುಮ್ಮನಿದ್ದಾಗ ತಾನಾಗಿಯೇ ರೀಸ್ಟಾರ್ಟ್ ಆಗಿತ್ತು. ಹೊರೆ ಹಗುರವಾಗಿದ್ದಾಗಲೇ ಒಂದೊಂದು ಕೋರ್ ಅತ್ಯಧಿಕ ವೇಗಕ್ಕೆ ಜಿಗಿಯುತ್ತದೆ, ವೋಲ್ಟೇಜಿನ ಕೊರತೆ ಬಯಲಾಗುವುದೂ ಆಗಲೇ. ತಪ್ಪು ಚಿಪ್‌ನದಲ್ಲ, ನನ್ನ ಅವಸರದ್ದು. ಎರಡು ಕೋರ್‌ಗಳನ್ನು ಮೈನಸ್ 15ಕ್ಕೂ ಉಳಿದವನ್ನು ಮೈನಸ್ 20ಕ್ಕೂ ತಂದು, ಒಂದೊಂದೇ ಕೋರ್ ಮೇಲೆ ಸರದಿಯಂತೆ ಹೊರೆ ಹಾಕುವ ಕೋರ್‌ಸೈಕ್ಲರ್‌ನಲ್ಲಿ ಪರೀಕ್ಷಿಸಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ.

ಮೆಮೊರಿಯ ವಿಷಯದಲ್ಲಿ, ಅಧಿಕೃತ ಮಿತಿಗಿಂತ ಹೆಚ್ಚಿನ ವೇಗಕ್ಕೆಂದು ತಯಾರಕರು ಮೊದಲೇ ಸಿದ್ಧಪಡಿಸಿಟ್ಟ ಎಕ್ಸ್‌ಪೋ ಪ್ರೊಫೈಲ್ ಆರಿಸಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಆರಿಸಿದ ಬಳಿಕದ ಮೊದಲ ಬೂಟ್‌ನಲ್ಲಿ ಪರದೆ ಕಪ್ಪಾಗಿಯೇ ಉಳಿದು, ಫ್ಯಾನ್‌ಗಳಷ್ಟೇ ತಿರುಗುತ್ತಾ, ಮದರ್‌ಬೋರ್ಡಿನ ಡಿರ‍್ಯಾಮ್ ದೀಪ ಕೆಲವು ನಿಮಿಷ ಉರಿಯುತ್ತಲೇ ಇರುತ್ತದೆ. ಅದು ಮೆಮೊರಿ ಟ್ರೈನಿಂಗ್, ಗಾಬರಿಯಿಂದ ಪವರ್ ಬಟನ್ ಒತ್ತಬಾರದು. 6000ಕ್ಕೇ ನಿಲ್ಲಲು ಕಾರಣವಿದೆ: ಆ ವೇಗದಲ್ಲಿ ಮೆಮೊರಿ ಕಂಟ್ರೋಲರ್ ರ‍್ಯಾಮ್‌ಗೆ ಸಮನಾಗಿ 3000 ಮೆಗಾಹರ್ಟ್ಸ್‌ನಲ್ಲಿ (ಪ್ರತಿ ಮಿಡಿತಕ್ಕೆ ಎರಡು ಬಾರಿ ದತ್ತಾಂಶ ಸಾಗುವುದರಿಂದ 6000ದ ಅರ್ಧ) ಓಡುತ್ತದೆ, ಅದಕ್ಕಿಂತ ಬಹಳ ಮೇಲೆ ಹೋದರೆ ಅರ್ಧ ವೇಗಕ್ಕೆ ಇಳಿಸಬೇಕಾಗಿ ಬಂದು ಗಳಿಸಿದ್ದು ಕೈಬಿಡುತ್ತದೆ.

ಇಲ್ಲೂ ಒಂದು ಪಾಠ ಕಲಿತೆ. ಕೇಳಿದ ದತ್ತಾಂಶ ಕೊಡಲು ಮೆಮೊರಿ ತೆಗೆದುಕೊಳ್ಳುವ ಮಿಡಿತಗಳ ಸಂಖ್ಯೆಯಾದ ಸಿಎಲ್ 30 ಇದ್ದುದನ್ನು 28ಕ್ಕೆ ಬಿಗಿಗೊಳಿಸಿದಾಗ ಇಡೀ ದಿನ ಯಂತ್ರ ಚೆನ್ನಾಗಿಯೇ ನಡೆಯಿತು; ಆದರೆ ಮೆಮೊರಿ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86ರ ಮೂರನೆಯ ಸುತ್ತಿನಲ್ಲಿ ಒಂದೇ ಒಂದು ಬಿಟ್ ತಪ್ಪಾಗಿ ಕಂಡಿತು. ಅಂಥ ಒಂದು ಬಿಟ್ ಸದ್ದಿಲ್ಲದೆ ಫೈಲೊಂದನ್ನು ಕೆಡಿಸಬಲ್ಲದು, ಕೆಟ್ಟದ್ದು ತಿಳಿಯುವ ಹೊತ್ತಿಗೆ ಬ್ಯಾಕಪ್‌ನಲ್ಲೂ ಅದೇ ಕೆಟ್ಟ ಪ್ರತಿ ಕುಳಿತಿರುತ್ತದೆ. ಮತ್ತೆ 30ಕ್ಕೆ ಮರಳಿದೆ. ಡಿಡಿಆರ್5 ಚಿಪ್‌ನೊಳಗಿನ ದೋಷ ತಿದ್ದುಪಡಿಯನ್ನು ನಂಬಿ ಪರೀಕ್ಷೆ ಬಿಡುವಂತಿಲ್ಲ. ಅದು ರ‍್ಯಾಮ್‌ನಿಂದ ಪ್ರೊಸೆಸರಿನವರೆಗಿನ ಹಾದಿಯನ್ನು ಕಾಯುವುದಿಲ್ಲ.

ಈ ಸರಣಿಯ ಕೆಲವು ಚಿಪ್‌ಗಳು ಸುಟ್ಟುಹೋದ ವರದಿಗಳು 2023ರಲ್ಲಿ ಬಂದ ಬಳಿಕ ಎಎಂಡಿ ಎಸ್‌ಒಸಿ ವೋಲ್ಟೇಜನ್ನು (ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ ಹೋಗುವುದು) ಹೊಸ ಬಯೋಸ್ ಮೂಲಕ 1.3 ವೋಲ್ಟ್‌ಗೆ ಮಿತಿಗೊಳಿಸಿತು. ಆದ್ದರಿಂದ ಎಕ್ಸ್‌ಪೋ ಮುಟ್ಟುವ ಮುನ್ನ ಬಯೋಸ್ ಅಪ್‌ಡೇಟ್ ಮಾಡಲೇಬೇಕು. ಓವರ್‌ಕ್ಲಾಕಿಂಗ್‌ನಿಂದ, ಅಂದರೆ ಅಧಿಕೃತ ಮಿತಿ ಮೀರಿ ಓಡಿಸುವುದರಿಂದ, ಆದ ಹಾನಿಗೆ ಕಂಪನಿಯ ವಾರಂಟಿ ಅನ್ವಯಿಸುವುದಿಲ್ಲ, ಅದರದೇ ಸೌಲಭ್ಯ ಬಳಸಿದ್ದರೂ ಸರಿ; ಇದು ನನಗೆ ಒಪ್ಪಿಗೆಯಾಗದ ಸಂಗತಿ.

ತಾಳ್ಮೆಯಿಂದ ಹೊಂದಿಸಬಲ್ಲವರಿಗೆ ಈ ಜೋಡಿಯನ್ನು ಖಂಡಿತ ಶಿಫಾರಸು ಮಾಡುತ್ತೇನೆ. ಆದರೆ ಬೇಕಾದಷ್ಟು ರ‍್ಯಾಮನ್ನು ಮೊದಲೇ ಎರಡು ಸ್ಟಿಕ್‌ಗಳಲ್ಲಿ ಕೊಳ್ಳಿ: ನಾಲ್ಕು ಸ್ಟಿಕ್ ಹಾಕಿದರೆ ಅಧಿಕೃತ ಬೆಂಬಲ 5200ರಿಂದ 3600ಕ್ಕೆ ಇಳಿಯುತ್ತದೆ.